ತವರಿಗೆ ಸೈನ್ ಹಾಕಿದ್ದು ತ್ಯಾಗಾನಾ, ವ್ಯಾಪಾರಾನಾ?

ನೀವು ಕೇಳಿರೋದು, ನೈತಿಕ ಸ್ವಾರ್ಥವಾದ ಒಪ್ಪೋರು, ಅಂದ್ರೆ ಪ್ರತಿಯೊಬ್ರೂ ತಮ್ಮ ಹಿತಾನೇ ನೋಡ್ಕೋಬೇಕು ಅನ್ನೋರು, ಗಂಡ ಮಕ್ಕಳು ಒಡಹುಟ್ಟಿದೋರಿಗೋಸ್ಕರ ತ್ಯಾಗ ಮಾಡೋಕಾಗುತ್ತಾ ಅಂತ. ಡಿಗ್ರೀಲಿ ಫಿಲಾಸಫಿ ಓದಿದ್ದೆ, ಎಷ್ಟು ಮಾರ್ಕ್ಸ್ ಬಂತು ಅಂತ ಮಾತ್ರ ಕೇಳ್ಬೇಡಿ. ಆದ್ರೆ ಈ ಪ್ರಶ್ನೆ ತಲೆಗೆ ಹತ್ತಿದ್ದು ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚ್ ಮೇಲೆ.

ಮೊದ್ಲು ಆ ಸ್ವಾರ್ಥವಾದಿಗಳ ಉತ್ತರ. ಈ ವಾದ ಹೇಳಿದ ಅಮೆರಿಕದ ಲೇಖಕಿ ಅಯ್ನ್ ರ‍್ಯಾಂಡ್ 1960ರ ದಶಕದಲ್ಲಿ ಹೇಳಿದ್ದು ಇಷ್ಟು: ಹೆಂಡ್ತೀನ ಪ್ರೀತ್ಸೋನು ಅವಳ ಕಾಯಿಲೆಗೆ ಇದ್ದಬದ್ದ ದುಡ್ಡೆಲ್ಲಾ ಸುರಿದ್ರೂ ಅದು ತ್ಯಾಗ ಅಲ್ಲ, ಯಾಕಂದ್ರೆ ಅವನಿಗೆ ದುಡ್ಡಿಗಿಂತ ಅವಳೇ ಹೆಚ್ಚು. ಹೆಚ್ಚಿನದನ್ನ ಕೊಟ್ಟು ಕಮ್ಮೀದನ್ನ ತಗೊಂಡ್ರೆ ಮಾತ್ರ ತ್ಯಾಗ. (ಮನುಷ್ಯರೆಲ್ಲಾ ಸ್ವಾರ್ಥಿಗಳೇ ಅನ್ನೋದು ಬೇರೆ ವಾದ, ಕಲಸ್ಬೇಡಿ.) ಗಂಡ ಪ್ರಿಯ ಆಗೋದು ಗಂಡನಿಗೋಸ್ಕರ ಅಲ್ಲ ಆತ್ಮಕ್ಕೋಸ್ಕರ ಅಂತ ಬೃಹದಾರಣ್ಯಕ ಉಪನಿಷತ್ತಲ್ಲಿ ಯಾಜ್ಞವಲ್ಕ್ಯ ಹೆಂಡ್ತಿ ಮೈತ್ರೇಯಿಗೆ ಹೇಳಿದ್ದನ್ನೂ ಕೆಲವರು ಇದಕ್ಕೇ ತಂದು ಅಂಟಿಸ್ತಾರೆ, ಅಲ್ಲಿ ಆತ್ಮ ಅಂದ್ರೆ ನಾನು ನೀನು ಅನ್ನೋ ಈ ಸಣ್ಣ ನಾನಲ್ಲ, ಅದಿರ್ಲಿ, ನಂಗೆ ನಗು ಬರೋದು ಅವರಿಬ್ರೂ ಮಾತಾಡ್ತಾ ಇದ್ದಿದ್ದು ಆಸ್ತಿ ಭಾಗದ ಹೊತ್ತಲ್ಲಿ, ಬೇಡ ಅಂದಿದ್ದು ಅಲ್ಲೂ ಹೆಂಗಸೇ.

ನಮ್ದು ಶಿಡ್ಲಘಟ್ಟದ ಕಡೆ, ರೇಷ್ಮೆ ಮನೆ. ಒಂದ್ಸಲ ಹುಳ ನಾಲ್ಕನೇ ಜ್ವರ ಎದ್ದಿತ್ತು, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟಿತ್ತು, ಹುಳ ಜನ್ಮದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆಮೇಲಿನ ಒಂದು ವಾರದಲ್ಲೇ ತಿನ್ನೋದು, ಅಷ್ಟೊತ್ತಿಗೆ ಅಮ್ಮ ಹಾಸಿಗೆ ಹಿಡಿದ್ಲು. ಕೆಲಸಕ್ಕೆ ರಜಾ ಹಾಕಿ ಬಂದು ರಾತ್ರಿ ಎರಡು ಗಂಟೇಲೂ ಸೊಪ್ಪು ಹಾಕ್ದೆ, ಬೆರಳೆಲ್ಲಾ ಕರೆ ಹಿಡಿದು ಕಪ್ಪಾಗಿತ್ತು, ಸಂಬಳ ಕಟ್ಟಾಯ್ತು. ಇವತ್ತಿಗೂ ಅದು ತ್ಯಾಗ ಅಂತ ನಂಗೆ ಅನಿಸಿಲ್ಲ. ಇಲ್ಲಿ ರ‍್ಯಾಂಡ್ ಹೇಳಿದ್ದು ಸರಿ.

ಆಮೇಲೆ ಅಪ್ಪ ಹೋದ್ರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ಅದಕ್ಕೇ ನನ್ನ ಕೈಲಿ ಹಕ್ಕು ಬಿಡುಗಡೆ ಪತ್ರ, ಅಂದ್ರೆ ನನ್ನ ಪಾಲು ಬಿಟ್ಕೊಟ್ಟೆ ಅನ್ನೋ ಪತ್ರ, ಬರೆಸ್ಕೋಬೇಕಿತ್ತು. ಒಂದೂವರೆ ಎಕರೆ ತೋಟ. ಯಾರೂ ಬಲವಂತ ಮಾಡ್ಲಿಲ್ಲ ಕಣ್ರೀ, ತಮ್ಮ ಎಳನೀರು ತಂದುಕೊಟ್ಟ, ಅಮ್ಮ ಬ್ಯಾಗಲ್ಲಿ ಸೀರೆ, ಅರಿಶಿಣ ಕುಂಕುಮ, ಐದು ಸಾವಿರ ಇಟ್ಕೊಂಡು ಪಕ್ಕದಲ್ಲೇ ಕೂತಿದ್ಲು, ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿ, ಸೈನ್ ಹಾಕ್ದೆ. ಆಚೆ ಬಂದಾಗ ತಮ್ಮ ಅಂದ, "ನಿಂಗೇ ಇಷ್ಟ ಆಗಿ ತಾನೇ ಅಕ್ಕ ಹಾಕಿದ್ದು?"

ಹೌದು, ಭೂಮಿಗಿಂತ ತವರು ಹೆಚ್ಚು ಅಂತಾನೇ ಹಾಕಿದ್ದು, ಆ ಲೆಕ್ಕದಲ್ಲಿ ಇದೂ ತ್ಯಾಗ ಅಲ್ಲ, ಲಾಭವೇ. ಆದ್ರೆ ತಕ್ಕಡಿಗೆ ತವರನ್ನ ಇಟ್ಟೋರು ಯಾರು? ಸೈನ್ ಹಾಕ್ದಿದ್ರೆ ಗೌರಿ ಹಬ್ಬಕ್ಕೆ ಬಾಗಿನ ಬರಲ್ಲ ಅಂತ ಬಾಯ್ಬಿಟ್ಟು ಯಾರೂ ಹೇಳಿರ್ಲಿಲ್ಲ, ಎಲ್ರಿಗೂ ಗೊತ್ತಿತ್ತು. ತಮ್ಮನ ಮುಂದೆ ಅಂಥ ತಕ್ಕಡಿ ಯಾವತ್ತೂ ಬರ್ಲಿಲ್ಲ, ಅವನಿಗೆ ಭೂಮೀನೂ ಇತ್ತು ಅಕ್ಕಾನೂ ಇದ್ಲು. ಸ್ವಾರ್ಥವಾದ ನಾನು ಏನು ಆರಿಸ್ಕೊಂಡೆ ಅಂತ ಮಾತ್ರ ನೋಡುತ್ತೆ, ರೇಟ್ ಯಾರು ಕಟ್ಟಿದ್ರು ಅಂತ ಕೇಳಲ್ಲ. ಹಾಗಾಗಿ ನನ್ನ ಉತ್ತರ: "ಇದು ತ್ಯಾಗ ಅಲ್ಲ, ನನ್ನಿಷ್ಟ" ಅನ್ನೋ ಮಾತು ಕೊಡೋಳ ಬಾಯಲ್ಲಿ ಬಂದ್ರೆ ಒಪ್ಕೋತೀನಿ, ತಗೊಳ್ಳೋನ ಬಾಯಲ್ಲಿ ಬಂದ್ರೆ ಇಲ್ಲ.

ಈ ಗೌರಿ ಹಬ್ಬಕ್ಕೆ ತಮ್ಮ ಬಾಗಿನ ತಂದಿದ್ದ. ಇನ್ನೂ 20 ಗುಂಟೆ ಅಪ್ಪನ ಹೆಸರಲ್ಲೇ ಉಳ್ಕೊಂಡಿದೆಯಂತೆ, ಒಂದು ಸೈನ್ ಬೇಕಂತೆ. ಪಹಣಿ, ಪತ್ರ ಎರಡೂ ವಾಟ್ಸಾಪ್ ಮಾಡು, ಓದಿ ಹೇಳ್ತೀನಿ ಅಂದೆ. ಇನ್ನೂ ಕಳ್ಸಿಲ್ಲ.