ಚೆಂಡು ಹಿಡಿತಕ್ಕೆ ಸಿಗಬೇಕಾದರೆ ಟಿಟಿ (ಟೇಬಲ್ ಟೆನಿಸ್) ಬ್ಯಾಟ್‌ಗೆ ಯಾವ ರಬ್ಬರ್ ಹಾಕಬೇಕು?

ನೀವು ಬರೆದದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಗೋಣಿಕೊಪ್ಪದಲ್ಲಿ ಸಂಜೆ ಹೊತ್ತು ಆಡುತ್ತೀರಿ, ಶುರು ಮಾಡಿ ಒಂದೂವರೆ ವರ್ಷವಾಗಿದೆ. ಯಾವುದೋ ವಿಡಿಯೊ ನೋಡಿ ಎರಡೂ ಬದಿಗೆ 2.1 ಮಿ.ಮೀ. ದಪ್ಪದ ವೇಗದ ರಬ್ಬರ್ ಹಾಕಿಸಿದ್ದೀರಿ. ಅಂದಿನಿಂದ ಪುಶ್ (ಚೆಂಡನ್ನು ಅಡಿಯಿಂದ ಮೆಲ್ಲಗೆ ತಳ್ಳುವ ಹೊಡೆತ) ಮಾಡಿದರೆ ಚೆಂಡು ಮೇಲೇಳುತ್ತದೆ, ಎದುರಾಳಿಯ ಸರ್ವ್ ತೆಗೆದರೆ ಟೇಬಲ್ ದಾಟಿ ಹೋಗುತ್ತದೆ. ಮಳೆ ಹಿಡಿದ ಮೇಲಂತೂ ಒಂದು ದಿನ ಇದ್ದ ಆಟ ಇನ್ನೊಂದು ದಿನ ಇಲ್ಲ. ಬ್ಯಾಕ್‌ಹ್ಯಾಂಡ್‌ಗೆ ಲಾಂಗ್ ಪಿಂಪಲ್ (ಉದ್ದನೆಯ ಮೊಳೆಗಳು ಹೊರಮುಖವಾಗಿರುವ ರಬ್ಬರ್) ಹಾಕು, ಎಲ್ಲ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದ್ದಾರೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಎರಡೂ ಬದಿಗೆ ಒಂದೇ ಬಗೆಯ ರಬ್ಬರ್ ಹಾಕಿ. ಮೈ ನುಣುಪಾಗಿರುವ, ಪಿಂಪಲ್ ಒಳಮುಖವಾಗಿರುವ, ಟೆನ್ಶನ್ ಇಲ್ಲದ (ಅಂದರೆ ಮೊದಲೇ ಬಿಗಿದಿಡದ) ಹಳೆಯ ಕಾಲದ ಆಲ್‌ರೌಂಡ್ ರಬ್ಬರ್ ಇರಲಿ. ಹಾಳೆಯ ಅಡಿಯಲ್ಲಿರುವ ಸ್ಪಾಂಜ್ 1.8 ಮಿ.ಮೀ. ಅಥವಾ ಅದರ ಆಸುಪಾಸು. ಯಸಾಕಾ ಮಾರ್ಕ್ ವಿ, ಬಟರ್‌ಫ್ಲೈ ಸ್ರೈವರ್ ಇವೆರಡರಲ್ಲಿ ಯಾವುದು ಸಿಕ್ಕಿದರೂ ನಡೆಯುತ್ತದೆ. ಎರಡೂ 1960ರ ದಶಕದ ಕೊನೆಯಲ್ಲಿ ಬಂದವು, ಇಂದಿಗೂ ಕಲಿಯುವವರ ಕೈಯಲ್ಲಿವೆ. ಲಾಂಗ್ ಪಿಂಪಲ್ ಬೇಡ. ಮಳೆಗಾಲದ ತೊಂದರೆ ಬೇರೆಯೇ, ಅದಕ್ಕೆ ರಬ್ಬರ್ ಬದಲಿಸುವುದು ಮದ್ದಲ್ಲ. ಅದನ್ನು ಕೆಳಗೆ ಬರೆದಿದ್ದೇನೆ.

ಇಷ್ಟು ಖಚಿತವಾಗಿ ಹೇಳಲು ಕಾರಣ, ನೀವು ಈಗ ನಿಂತಿರುವ ಜಾಗದಲ್ಲೇ ನಾನೂ ಎರಡು ವರ್ಷ ನಿಂತಿದ್ದೆ. ಮಂಡಿಗೆ ಪೆಟ್ಟಾಗಿ ಹಾಕಿ ಆಟ ಬಿಟ್ಟು ಟಿಟಿಗೆ ಬಂದವನು ನಾನು. ಮೈಸೂರಿಗೆ ಹೋದಾಗ ಅಂಗಡಿಯಲ್ಲಿ ಇದ್ದುದರಲ್ಲೇ ವೇಗದ ರಬ್ಬರ್ ಕೇಳಿ ತಂದೆ. ಫೋರ್‌ಹ್ಯಾಂಡ್‌ನಲ್ಲಿ ಬೀಸಿ ಹೊಡೆದಾಗ ಬಂದ ಖುಷಿ ಇನ್ನೂ ನೆನಪಿದೆ. ಆದರೆ ಪಂದ್ಯ ಲೆಕ್ಕ ಹಾಕಿ ನೋಡಿದರೆ, ಬೀಸಿ ಹೊಡೆಯುವ ಅವಕಾಶ ಒಂದು ಗೇಮ್‌ನಲ್ಲಿ ನಾಲ್ಕೋ ಐದೋ ಸಲ ಸಿಗುತ್ತಿತ್ತು. ಉಳಿದ ಪಾಯಿಂಟ್‌ಗಳೆಲ್ಲ ಸರ್ವ್ ತೆಗೆಯುವುದರಲ್ಲಿ, ಪುಶ್‌ನಲ್ಲಿ, ಬ್ಲಾಕ್‌ನಲ್ಲೇ ಮುಗಿಯುತ್ತಿದ್ದವು. ಆ ಸಣ್ಣ ಹೊಡೆತಗಳಲ್ಲೇ ನಾನು ಸೋಲುತ್ತಿದ್ದೆ.

ರಬ್ಬರ್ ಆರಿಸುವಾಗ ನೋಡಬೇಕಾದದ್ದು ಈ ಸಣ್ಣ ಹೊಡೆತವನ್ನೇ. ಟೇಬಲ್‌ನ ಉದ್ದ 2.74 ಮೀಟರ್, ಎದುರಾಳಿಯ ಕಡೆಯ ಅರ್ಧ ಬರೀ 1.37 ಮೀಟರ್. ಚಿಕ್ಕ ಪುಶ್ ಎಂದರೆ 15.25 ಸೆಂ.ಮೀ. ಎತ್ತರದ ನೆಟ್ ದಾಟಿ ಆ ಅರ್ಧದಲ್ಲೇ ಎರಡು ಪುಟಿತ ಬೀಳಬೇಕು. 2.7 ಗ್ರಾಂ ತೂಗುವ ಚೆಂಡು ರಬ್ಬರ್‌ಗೆ ತಾಗಿಕೊಂಡಿರುವುದು ಹೆಚ್ಚುಕಡಿಮೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಅಷ್ಟರಲ್ಲಿ ಚೆಂಡು ಮೇಲಿನ ಹಾಳೆಯನ್ನು ಒತ್ತಿ, ಸ್ಪಾಂಜ್‌ಗೆ ಇಳಿದು, ಮತ್ತೆ ಎದ್ದು ಬರುತ್ತದೆ. ಈಗಿನ ವೇಗದ ರಬ್ಬರ್‌ಗಳಲ್ಲಿ ಹಾಳೆಯನ್ನೂ ಸ್ಪಾಂಜನ್ನೂ ಮೊದಲೇ ಬಿಗಿದಿಟ್ಟಂತೆ ತಯಾರಿಸಿರುತ್ತಾರೆ. ನೀವು ಕೊಡದ ಬಲವನ್ನೂ ಅದು ಚೆಂಡಿಗೆ ಕೊಡುತ್ತದೆ. ಕವಣೆಯ ಹಾಗೆ. ನುರಿತವರು ಕೈಯಲ್ಲೇ ಅದನ್ನು ಕಳೆದು ಹೊಡೆಯುತ್ತಾರೆ. ಒಂದೂವರೆ ವರ್ಷದ ಕೈಗೆ ಆ ಲೆಕ್ಕ ಸಿಗುವುದಿಲ್ಲ. ಮಾರ್ಕ್ ವಿ ತರಹದ ರಬ್ಬರ್‌ನಲ್ಲಿ ನೀವು ಎಷ್ಟು ಕೊಟ್ಟಿರೋ ಅಷ್ಟೇ ವಾಪಸ್ ಬರುತ್ತದೆ. ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ ಹೋಗುತ್ತದೆ, ಎರಡರಷ್ಟು ಬೀಸಿದರೆ ಎರಡರಷ್ಟು. ಹಿಡಿತ ಎಂದು ನಾವು ಕರೆಯುವುದು ಇದನ್ನೇ. ಪ್ಯಾಕೆಟ್ ಮೇಲೆ ಕಂಟ್ರೋಲ್ ಎಂದು ಬರೆದು ಪಕ್ಕದಲ್ಲಿ ಹಾಕಿರುವ ಅಂಕಿಯನ್ನು ನಂಬಿ ಕೊಳ್ಳಬೇಡಿ. ಪ್ರತಿ ಕಂಪನಿಯೂ ತನ್ನದೇ ಅಳತೆಯಲ್ಲಿ ಆ ಅಂಕಿ ಕೊಡುತ್ತದೆ, ಒಂದರದ್ದನ್ನು ಇನ್ನೊಂದರ ಜೊತೆ ತೂಗಿ ನೋಡಲು ಬರುವುದಿಲ್ಲ. ಸ್ಪಾಂಜ್‌ನ ಗಡಸುತನಕ್ಕೆ ಕೊಡುವ ಡಿಗ್ರಿಯೂ ಹೀಗೆಯೇ. ಚೀನಾದ 39 ಬೇರೆ, ಜರ್ಮನಿಯ 39 ಬೇರೆ.

ದಪ್ಪದ ಬಗ್ಗೆ ಒಂದು ಮಾತು. ಸ್ಪಾಂಜ್ ದಪ್ಪವಾದಷ್ಟೂ ಚೆಂಡು ಆಳಕ್ಕೆ ಇಳಿಯುತ್ತದೆ, ಸ್ಪಿನ್ನೂ ವೇಗವೂ ಹೆಚ್ಚುತ್ತವೆ. ಜೊತೆಗೆ ಎದುರಾಳಿ ಹಾಕಿದ ಸ್ಪಿನ್ ಕೂಡ ನಿಮ್ಮ ಬ್ಯಾಟ್ ಮೇಲೆ ಹೆಚ್ಚು ಆಟ ತೋರಿಸುತ್ತದೆ. ನಿಮ್ಮ ಸರ್ವ್ ರಿಸೀವ್ ಹಾರಿಹೋಗುವುದು ಇದರಿಂದಲೇ. 1.5ಕ್ಕೆ ಇಳಿದರೆ ಚೆಂಡು ಬೇಗ ಮರಕ್ಕೆ ತಾಗುತ್ತದೆ, ಬ್ಲಾಕೂ ಪುಶ್ಶೂ ಸಲೀಸು, ಆದರೆ ಲೂಪ್ (ಚೆಂಡನ್ನು ಮೇಲಕ್ಕೆ ಸವರಿ ಟಾಪ್‌ಸ್ಪಿನ್ ಕೊಡುವ ಹೊಡೆತ) ಕಲಿಯುವಾಗ ಕಷ್ಟ. ಅದಕ್ಕೇ 1.8 ಎಂದೆ.

ನಮ್ಮ ಕಡೆಯವರಿಗೆ ಇದನ್ನು ಹಾಕಿಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ ಬೆಳೆದವರು ನಾವು. ನೀವೂ ಎಂದಾದರೂ ಕೋಲು ಹಿಡಿದೇ ಇರುತ್ತೀರಿ. ಜೋರಾಗಿ ಬಂದ ಚೆಂಡನ್ನು ನಿಲ್ಲಿಸುವಾಗ ಏನು ಮಾಡುತ್ತೀರಿ? ಕೋಲನ್ನು ಗಟ್ಟಿಯಾಗಿ ಹಿಡಿದರೆ ಚೆಂಡು ಎರಡು ಗಜ ಆಚೆ ಚಿಮ್ಮುತ್ತದೆ. ಕೈ ಸಡಿಲ ಬಿಟ್ಟು ಕೋಲನ್ನು ಒಂದಿಷ್ಟು ಹಿಂದಕ್ಕೆ ಬಿಟ್ಟುಕೊಟ್ಟರೆ ಕಾಲ ಬುಡದಲ್ಲೇ ನಿಲ್ಲುತ್ತದೆ. ಟಿಟಿಯ ಚಿಕ್ಕ ಪುಶ್, ಬ್ಲಾಕ್ ಎರಡೂ ಅದೇ ಕೈ. ಅಂಥ ಕೈಗೆ ತಕ್ಕ ರಬ್ಬರ್ ಬೇಕು, ಸಡಿಲ ಬಿಟ್ಟರೂ ಚಿಮ್ಮುವ ರಬ್ಬರ್ ಆ ಕೈಯನ್ನೇ ಕೆಡಿಸುತ್ತದೆ. ನಾನು ಕಲಿಸುವ ಮಕ್ಕಳಿಗೆ ಮೊದಲು ಮಾಡಿಸುವುದು ಇದನ್ನೇ. ಬ್ಯಾಟನ್ನು ಅಡ್ಡ ಹಿಡಿದು, ಎದೆ ಮಟ್ಟದಿಂದ ಚೆಂಡು ಬಿಟ್ಟು, ಅದು ರಬ್ಬರ್‌ಗೆ ಮುಟ್ಟುವ ಹೊತ್ತಿಗೆ ಬ್ಯಾಟನ್ನೂ ಕೆಳಗಿಳಿಸಿ, ಚೆಂಡು ನಾಲ್ಕು ಬೆರಳಿನಷ್ಟೂ ಏಳದಂತೆ ನಿಲ್ಲಿಸುವುದು. ನಿಮ್ಮ ಈಗಿನ ಬ್ಯಾಟ್‌ನಲ್ಲಿ ಒಮ್ಮೆ, ಕ್ಲಬ್‌ನಲ್ಲಿ ಯಾರದ್ದಾದರೂ ಹಳೆಯ ಆಲ್‌ರೌಂಡ್ ಬ್ಯಾಟ್‌ನಲ್ಲಿ ಒಮ್ಮೆ ಮಾಡಿ ನೋಡಿ. ನಾನು ಇಷ್ಟು ಬರೆದದ್ದು ಅಲ್ಲಿ ಒಂದೇ ನಿಮಿಷದಲ್ಲಿ ಕೈಗೆ ತಿಳಿಯುತ್ತದೆ.

ಬ್ಲೇಡ್, ಅಂದರೆ ರಬ್ಬರ್ ಅಂಟಿಸುವ ಮರದ ಭಾಗ, ಯಾವುದೆಂದು ನೀವು ಬರೆದಿಲ್ಲ. ರಬ್ಬರ್‌ನಷ್ಟೇ ಅದೂ ಮುಖ್ಯ. ಕಾರ್ಬನ್ ಪದರ ಇರುವ ಬ್ಲೇಡ್ ಆಗಿದ್ದರೆ ಮೇಲೆ ಯಾವ ರಬ್ಬರ್ ಹಾಕಿದರೂ ಅರ್ಧ ತೊಂದರೆ ಉಳಿಯುತ್ತದೆ. ಐದು ಪದರದ ಪೂರ್ತಿ ಮರದ ಬ್ಲೇಡ್ ಒಳ್ಳೆಯದು, ಸ್ಟಿಗಾ ಆಲ್‌ರೌಂಡ್ ಕ್ಲಾಸಿಕ್ ಆ ಜಾತಿಯದು.

ಈಗ ಮಳೆಯ ವಿಷಯ. ಈ ಬಗ್ಗೆ ಬಯಲುಸೀಮೆಯವರು ಬರೆದದ್ದನ್ನು ಓದಿದರೆ ನಮಗೆ ಪ್ರಯೋಜನವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹಾಲ್‌ಗಳಲ್ಲಿ ಗೋಡೆಯೇ ಬೆವರುತ್ತದೆ. ಬಾಗಿಲು ತೆಗೆದರೆ ಮಂಜು ಒಳಗೆ ಬರುತ್ತದೆ. ಬ್ಯಾಟನ್ನು ಕವರ್‌ನಿಂದ ತೆಗೆದ ಹತ್ತು ನಿಮಿಷಕ್ಕೆ ರಬ್ಬರ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ನೀರಿನ ಪೊರೆ ಕೂತಿರುತ್ತದೆ. ಆಮೇಲೆ ಲೂಪ್ ಮಾಡಿದರೆ ಚೆಂಡು ರಬ್ಬರ್‌ಗೆ ಕಚ್ಚುವುದಿಲ್ಲ, ಜಾರಿ ನೇರ ನೆಟ್‌ಗೆ. ಕಟ್ ಮಾಡಿದರೆ (ಹಿಮ್ಮುಖ ಸ್ಪಿನ್ ಕೊಡಲು ಹೋದರೆ) ಸ್ಪಿನ್ ಹತ್ತದೆ ತೇಲಿ ಹೋಗುತ್ತದೆ. ಆಡುವವರು ತಮ್ಮ ಕೈಯದೇ ತಪ್ಪು ಎಂದುಕೊಂಡು ಬ್ಯಾಟ್‌ನ ಕೋನ ಬದಲಿಸುತ್ತಾರೆ. ಮರುದಿನ ಒಣ ಹವೆ ಇದ್ದರೆ ಆ ಕೋನದಲ್ಲಿ ಎಲ್ಲವೂ ಹೊರಗೆ. ನಿಮಗೆ ಆಗುತ್ತಿರುವುದು ಇದೇ ಎಂದು ನನ್ನ ಅಂದಾಜು.

ನೋಡಿಕೊಳ್ಳುವ ಬಗೆ ಸುಲಭ. ಚೆಂಡನ್ನು ಅಂಗೈಯಲ್ಲಿ ಹಿಡಿದು ರಬ್ಬರ್ ಮೇಲೆ ಒತ್ತಿ ಎಳೆಯಿರಿ. ಕಚ್ಚಿಕೊಂಡು ಕಿರ್ ಎಂದರೆ ಸರಿ ಇದೆ. ಸೋಪು ಹಚ್ಚಿದ ಹಾಗೆ ಜಾರಿದರೆ ಒದ್ದೆಯಾಗಿದೆ. ನೂಲು ಬಿಡದ ಹತ್ತಿ ಬಟ್ಟೆ ಜೇಬಿನಲ್ಲಿರಲಿ, ಪ್ರತಿ ಆರು ಪಾಯಿಂಟ್‌ಗೆ ಟವೆಲ್ ಹಿಡಿಯಲು ನಿಯಮವೇ ಅವಕಾಶ ಕೊಟ್ಟಿದೆ, ಆಗ ರಬ್ಬರ್ ಒರೆಸಿ, ಚೆಂಡನ್ನೂ ಒರೆಸಿ. ಆಟ ಮುಗಿದ ಮೇಲೆ ಹಸಿ ಸ್ಪಾಂಜ್ ತುಂಡಿನಿಂದ ಧೂಳು ತೆಗೆದು, ಒಣಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಇಡಿ. ಕವರ್‌ನೊಳಗೆ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ, ಶೂ ಡಬ್ಬದಲ್ಲಿ ಬರುವುದೇ ಸಾಕು. ಮಳೆಗಾಲದಲ್ಲಿ ಬಟ್ಟೆಯೆಲ್ಲ ಒಲೆಯ ಮೇಲೆ ಒಣಹಾಕುವ ಅಭ್ಯಾಸ ನಮಗಿದೆ. ಬ್ಯಾಟನ್ನು ಮಾತ್ರ ಒಲೆಯ ಹತ್ತಿರ ತರಬೇಡಿ. ಬಿಸಿಗೆ ರಬ್ಬರ್ ಬಿರಿಯುತ್ತದೆ, ಅಂಚು ಬಿಟ್ಟುಕೊಳ್ಳುತ್ತದೆ. ಇನ್ನೊಂದು: ಹರಿಕೇನ್ 3ರಂಥ ಅಂಟು ಮೈಯ ಚೀನಾ ರಬ್ಬರ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಆ ಅಂಟು ಈ ತೇವದಲ್ಲಿ ಮೊದಲ ಗೇಮ್‌ಗೇ ಸತ್ತುಹೋಗುತ್ತದೆ, ಅದರ ಗಡಸು ಸ್ಪಾಂಜ್ ಕೆಲಸ ಮಾಡಬೇಕಾದರೆ ಪೂರ್ತಿ ಮೈ ತಿರುಗಿಸಿ ಹೊಡೆಯುವ ಅಭ್ಯಾಸ ಬೇಕು.

ಮಳೆಗಾಲ ಇನ್ನೊಂದನ್ನೂ ಕಸಿಯುತ್ತದೆ, ಸದ್ದನ್ನು. ನಮ್ಮ ಹಾಲ್‌ಗೆ ತಗಡಿನ ಮಾಡು. ಜುಲೈಯಲ್ಲಿ ಮಳೆ ಹಿಡಿದರೆ ಎದುರಾಳಿಯ ಬ್ಯಾಟ್‌ಗೆ ಚೆಂಡು ತಾಗಿದ ಸದ್ದು ಕೇಳಿಸುವುದಿಲ್ಲ. ಆಗಲೇ ನನಗೆ ಗೊತ್ತಾದದ್ದು, ಜೋರಾಗಿ ಹೊಡೆದರೋ ಮೆಲ್ಲಗೆ ಸವರಿದರೋ ಎಂಬುದನ್ನು ನಾವು ಎಷ್ಟೊಂದು ಕಿವಿಯಿಂದ ತಿಳಿಯುತ್ತೇವೆ ಎಂದು. 1952ರಲ್ಲಿ ಮುಂಬೈಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟ್ ತಂದು ಗೆದ್ದರು. ಅದುವರೆಗೆ ಟಕ್ ಟಕ್ ಎನ್ನುವ ಪಿಂಪಲ್ ರಬ್ಬರ್‌ಗೆ ಒಗ್ಗಿದ್ದವರಿಗೆ ಆ ಬ್ಯಾಟ್‌ನ ಸದ್ದೇ ಕೇಳಿಸಲಿಲ್ಲ, ಚೆಂಡಿನ ವೇಗ ಅಂದಾಜಿಗೆ ಸಿಗಲಿಲ್ಲ. 1959ರಲ್ಲಿ ದಪ್ಪಕ್ಕೆ ಮಿತಿ ಬಂತು. ಸ್ಪಾಂಜ್, ಹಾಳೆ, ಅಂಟು ಎಲ್ಲ ಸೇರಿ 4 ಮಿ.ಮೀ. ಮೀರಬಾರದು ಎಂಬ ನಿಯಮ ಇಂದಿಗೂ ಇದೆ. ಮಳೆಯ ದಿನ ಸರ್ವ್ ತೆಗೆಯುವಾಗ ಕಿವಿಯನ್ನು ಮರೆತು, ಎದುರಾಳಿಯ ಮಣಿಕಟ್ಟನ್ನು ನೋಡಿ.

ಲಾಂಗ್ ಪಿಂಪಲ್ ಬಗ್ಗೆ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಸುಳ್ಳಿಲ್ಲ. ಉದ್ದನೆಯ ಮೊಳೆಗಳು ಬಾಗುವುದರಿಂದ ಎದುರಾಳಿಯ ಸ್ಪಿನ್ ಅಷ್ಟಾಗಿ ಕಾಡುವುದಿಲ್ಲ, ಅವರ ಟಾಪ್‌ಸ್ಪಿನ್ ಅವರಿಗೇ ಕಟ್ ಆಗಿ ಮರಳುತ್ತದೆ. ಭಾರತದ ಆಟಗಾರ್ತಿ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್‌ನಲ್ಲಿ ಅದನ್ನೇ ಹಾಕಿಕೊಂಡು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದರು. ಆದರೆ ಅವರು ರ್‍ಯಾಲಿಯ ನಡುವೆ ಬ್ಯಾಟ್ ತಿರುಗಿಸಿ ನುಣುಪು ಬದಿಯಿಂದಲೂ ಹೊಡೆಯಬಲ್ಲರು. ಆ ರಬ್ಬರ್‌ನಿಂದ ನಿಮ್ಮದೇ ಸ್ಪಿನ್ ಹುಟ್ಟಿಸಲು ಬರುವುದಿಲ್ಲ. ಈಗಲೇ ಹಾಕಿದರೆ ಬ್ಯಾಕ್‌ಹ್ಯಾಂಡ್ ಟಾಪ್‌ಸ್ಪಿನ್ ನಿಮಗೆ ಬರುವುದೇ ಇಲ್ಲ. ನಮ್ಮ ಕ್ಲಬ್‌ನಲ್ಲಿ ಹಾಗೆ ನಿಂತುಹೋದವರನ್ನು ಕಂಡಿದ್ದೇನೆ, ಒಳ್ಳೆಯ ಕೈ ಇದ್ದವರು, ನನಗೆ ಇಂದಿಗೂ ಬೇಸರವಿದೆ.

ಅಂಟಿಸುವಾಗ ಅವಸರ ಬೇಡ. ನೀರಿನ ಅಂಟು ಹಚ್ಚಿದಾಗ ಹಾಲಿನ ಬಣ್ಣ ಇರುತ್ತದೆ, ಪೂರ್ತಿ ಪಾರದರ್ಶಕವಾದ ಮೇಲೆಯೇ ರಬ್ಬರ್ ಕೂರಿಸಬೇಕು. ಬೇಸಿಗೆಯಲ್ಲಿ ಕಾಲು ಗಂಟೆ ಸಾಕು. ಕಳೆದ ಆಗಸ್ಟ್‌ನಲ್ಲಿ ಮಡಿಕೇರಿಯ ನನ್ನ ಮನೆಯಲ್ಲಿ ಮಧ್ಯದಲ್ಲೊಂದು ರೂಪಾಯಿ ಅಗಲದ ಬಿಳಿ ಕಲೆ ಒಂದೂವರೆ ಗಂಟೆಯಾದರೂ ಹೋಗಿರಲಿಲ್ಲ. ಅದರ ಮೇಲೇ ಅಂಟಿಸಿದ್ದಿದ್ದರೆ ಅಲ್ಲಿ ಗುಳ್ಳೆ ಏಳುತ್ತಿತ್ತು, ಚೆಂಡು ಅಲ್ಲಿ ಬಿದ್ದಾಗಲೆಲ್ಲ ಸತ್ತ ಸದ್ದು ಬರುತ್ತಿತ್ತು. ಫ್ಯಾನ್ ಕೆಳಗಿಟ್ಟು ಕಾದೆ. ಹೊಸ ಬ್ಲೇಡ್ ಆದರೆ ಮೊದಲು ತೆಳ್ಳಗೆ ಒಂದು ಕೈ ವಾರ್ನಿಶ್ ಹಚ್ಚಿಕೊಳ್ಳಿ, ಮುಂದೆ ರಬ್ಬರ್ ಕೀಳುವಾಗ ಮರದ ಎಳೆ ಎದ್ದು ಬರುವುದಿಲ್ಲ.

ಟೂರ್ನಮೆಂಟ್ ಆಡುವ ಮನಸ್ಸಿದ್ದರೆ ರಬ್ಬರ್ ಮೇಲೆ ಐಟಿಟಿಎಫ್ (ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟ) ಮುದ್ರೆ ಇದೆಯೇ ನೋಡಿ, ಒಂದು ಬದಿ ಕಪ್ಪು ಇರಲೇಬೇಕು. ಇನ್ನೊಂದು ಬದಿಗೆ 2021ರ ಅಕ್ಟೋಬರ್‌ನಿಂದ ಕೆಂಪಲ್ಲದೆ ಹಸಿರು, ನೀಲಿ, ಗುಲಾಬಿ, ನೇರಳೆಯೂ ನಡೆಯುತ್ತದೆ.

ಈಗಿರುವ ರಬ್ಬರ್ ಬಿಸಾಡಬೇಡಿ. ನಿಧಾನವಾಗಿ ಒಂದು ಮೂಲೆಯಿಂದ ಕಿತ್ತು, ಪ್ಲಾಸ್ಟಿಕ್ ಹಾಳೆ ಹಚ್ಚಿ, ಚಪ್ಪಟೆಯಾಗಿ ಪುಸ್ತಕದ ನಡುವೆ ಇಡಿ. ಮಾರ್ಕ್ ವಿಯಲ್ಲಿ ಎದುರಾಳಿಯ ಕಟ್ ಸರ್ವನ್ನು ಹತ್ತಕ್ಕೆ ಎಂಟು ಸಲ ಚಿಕ್ಕದಾಗಿ ಹಿಂದಿರುಗಿಸುವಷ್ಟಾದಾಗ ಫೋರ್‌ಹ್ಯಾಂಡ್ ಬದಿಗೆ ಮಾತ್ರ ಅದನ್ನು ಮತ್ತೆ ಹಾಕಿ ನೋಡಬಹುದು. ಕೊಳ್ಳುವ ಮೊದಲು ನಿಮ್ಮ ಬ್ಲೇಡ್‌ನ ಹಿಡಿಯ ಮೇಲೆ ಬರೆದಿರುವ ಹೆಸರನ್ನು ಇಲ್ಲಿ ಹಾಕಿ. ಅದು ಕಾರ್ಬನ್ ಎಂದಾದರೆ 1.8ರ ಬದಲು 1.5 ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ.