ಕಾಫಿಗೆ ಹಾಕುವ ಪುಡಿ ಬೇಡ, ಅಕ್ಕಾ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಗಂಡನಿಗೆ ಹನ್ನೆರಡು ವರ್ಷದ ಕುಡಿತ. ‘ಅವರಿಗೆ ಗೊತ್ತಾಗದ ಹಾಗೆ ಚಟ ಬಿಡಿಸಿ’ ಎಂಬ ಜಾಹೀರಾತು ನೋಡಿ 2,400 ರೂಪಾಯಿಯ ಪುಡಿ ತರಿಸಿ, ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದಾರೆ. ಎರಡು ದಿನ ಕಾಫಿಗೆ ಹಾಕಿಯೂ ಆಯಿತು. ಇದನ್ನೇ ಮುಂದುವರಿಸಲಾ, ಇಲ್ಲ ಹತ್ತು ದಿನ ಕೋಣೆಯಲ್ಲಿ ಕೂಡಿ ಹಾಕಲಾ ಎಂದು ಕೇಳಿದ್ದಾರೆ.

ಅಕ್ಕಾ, ಎರಡೂ ಬೇಡ.

ಪೊಟ್ಟಣದ ಮೇಲೆ ಒಳಗೇನಿದೆ ಎಂದೇ ಬರೆದಿಲ್ಲ ಅಂತೀರಿ. ಡೈಸಲ್ಫಿರಾಮ್ ಎಂಬ ಮದ್ದು ಒಂದಿದೆ. ಅದು ಮೈಯಲ್ಲಿರುವಾಗ ಕುಡಿದರೆ ಮದ್ಯ ಪೂರ್ತಿ ಕರಗದೆ ಅರ್ಧದಲ್ಲೇ ವಿಷವಾಗಿ ನಿಲ್ಲುತ್ತದೆ. ಮುಖ ಕೆಂಪಾಗುತ್ತದೆ, ವಾಂತಿ, ಎದೆ ಡವಡವ, ಬಿಪಿ ಕುಸಿತ. ಜೀವ ಹೋದದ್ದೂ ಇದೆ. ಡಾಕ್ಟರರು ಅದನ್ನು ಕೊಡುವುದು ರೋಗಿಗೆ ಎಲ್ಲ ಹೇಳಿ, ಒಪ್ಪಿಸಿದ ಮೇಲೆ. ನಿಲ್ಲಿಸಿದರೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ನಿಮ್ಮ ಪುಡಿಯಲ್ಲಿ ಇರುವುದು ಅದೇನಾ, ಸುಮ್ನೆ ಮೈದಾ ಹಿಟ್ಟಾ, ಯಾರಿಗೆ ಗೊತ್ತು?

ನಿಮ್ಮ ನಾಲ್ಕು ಪುಟದಲ್ಲಿ ನನ್ನನ್ನು ಹೆದರಿಸಿದ್ದು ಪುಡಿಯಲ್ಲ, ಮೂರನೇ ಪುಟದ ಕೊನೆಯಲ್ಲಿ ನೀವು ಹಾಗೇ ದಾಟಿ ಹೋದ ಒಂದು ಸಾಲು: ‘ಬೆಳಿಗ್ಗೆ ಲೋಟ ಹಿಡಿಯಲು ಕೈ ನಡುಗುತ್ತದೆ, ಒಂದು ಗುಟುಕು ಹೋದರೆ ನಿಲ್ಲುತ್ತದೆ.’ ಅಂದರೆ ಮೈ ಮದ್ಯಕ್ಕೇ ಒಗ್ಗಿ ಹೋಗಿದೆ. ಇಂಥವರಿಗೆ ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಬುದ್ಧಿ ಭ್ರಮಣೆ ಆಗಬಹುದು.

ನನ್ನ ದೊಡ್ಡಪ್ಪನನ್ನು ಮನೆಯವರು ಹೀಗೇ ಅಟ್ಟದ ಕೋಣೆಯಲ್ಲಿ ಕೂಡಿ ಹಾಕಿದ್ದರು. ಮೂರನೇ ರಾತ್ರಿ ಹೊದಿಕೆಯಿಂದ ಇರುವೆ ಹೆಕ್ಕುತ್ತಾ ಕೂತಿದ್ದರು. ಒಂದೂ ಇರುವೆ ಇರಲಿಲ್ಲ. ದೊಡ್ಡಮ್ಮ ದೆವ್ವ ಮೆಟ್ಟಿದೆ ಅಂತ ತಂತ್ರಿಗಳಿಗೆ ಹೇಳಿ ಕಳಿಸಿದರು. ಪುಣ್ಯಕ್ಕೆ ತಂತ್ರಿಗಳೇ ಜೀಪು ಹತ್ತಿಸಿ ಆಸ್ಪತ್ರೆಗೆ ಕಳಿಸಿದರು.

ಆಸ್ಪತ್ರೆಯಲ್ಲಿ ಆ ನಡುಕಕ್ಕೆ ಮದ್ದು ಕೊಟ್ಟು ಮೆಲ್ಲಗೆ ಇಳಿಸುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ದೊಡ್ಡ ವಿದ್ಯೆಯೇನಲ್ಲ, ಆದರೆ ತಲುಪುವವರೇ ಕಡಿಮೆ. 2019ರಲ್ಲಿ ಬಂದ ಕೇಂದ್ರ ಸರಕಾರದ ಸಮೀಕ್ಷೆ ಪ್ರಕಾರ ಮದ್ಯದ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಗುತ್ತದೆ.

ಬಾರ್ ಮುಚ್ಚಿಸಿ ಅಂತಲೂ ಬರೆದಿದ್ದೀರಿ. ಸಾರಾಯಿಯನ್ನು ಕೇರಳ 1996ರಲ್ಲಿ ನಿಲ್ಲಿಸಿತು, ಕರ್ನಾಟಕ 2007ರಲ್ಲಿ. ಈಗ ತಲಪಾಡಿ ಗಡಿ ದಾಟಿ ಮದ್ಯದ ಪ್ಯಾಕೆಟ್ ಬರುತ್ತಿದೆ, ಅಲ್ವಾ? ಆ ಜಗಳ ಇನ್ನೊಮ್ಮೆ ಆಡೋಣ.

ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ ಅಬಕಾರಿ ಇಲಾಖೆಯ, ಚಟ ಬಿಡಿಸುವ ‘ವಿಮುಕ್ತಿ’ ಕೇಂದ್ರ ಇದೆ, ಫೋನ್ 14405. ಮಲಯಾಳದಲ್ಲಿ ಮನೆಯ ಗುಟ್ಟು ಹೇಳಿಕೊಳ್ಳಲು ನಾಲಿಗೆ ಏಳುವುದಿಲ್ಲ ಅಂತೀರಿ. ನಮ್ಮ ಕಡೆಯವರೆಲ್ಲರ ಕಷ್ಟ ಅದು. ಹಾಗಾದರೆ ಮೊದಲು 14416ಕ್ಕೆ ಮಾಡಿ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಗಂಡನ ಹತ್ತಿರ ಬೆಳಿಗ್ಗೆ ಎದ್ದ ಕೂಡಲೇ ಅಥವಾ ರಾತ್ರಿ ಕುಡಿದು ಬಂದಾಗ ಈ ಮಾತು ಎತ್ತಬೇಡಿ. ಮಧ್ಯಾಹ್ನ ಊಟ ಆಗಿ, ಅವರು ಜಗಲಿಯಲ್ಲಿ ಸಮಾಧಾನದಲ್ಲಿ ಕೂತಿರುವಾಗ ನೋಡಿ. ಮೊದಲು ‘ಕೈ ನಡುಗುವುದಕ್ಕೆ ತೋರಿಸಿಕೊಂಡು ಬರುವ’ ಅಂತಷ್ಟೇ ಹೇಳಿ. ಚಟ ಅಂದರೆ ಸಿಟ್ಟಾಗುವವರು ನಡುಕ ಅಂದರೆ ಏಳುತ್ತಾರೆ.

ಆ ಪೊಟ್ಟಣ ಎಸೆಯಬೇಡಿ. ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಎರಡು ದಿನ ಕಾಫಿಗೆ ಹಾಕಿದ್ದನ್ನೂ ಹೇಳಿ. ಈಗಲೇ ವಾಂತಿ, ಎದೆ ಬಡಿತ ಏನಾದರೂ ಕಂಡರೆ ಮಧ್ಯಾಹ್ನದವರೆಗೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

– ಸಂಪಾದಕ