ಹಳೆಯ ಮನೆಯ ಪಕ್ಕದಲ್ಲಿ ನೆಲಮಾಳಿಗೆ: ಎಷ್ಟು ಆಳ, ಎಷ್ಟು ದೂರ?

ಪ್ರಶ್ನೆ: ಧಾರವಾಡದಿಂದ ಪುಣೆಗೆ ಬಂದು ನೆಲೆಸಿದ ನಮ್ಮ ತಂದೆಯವರು 1970ರ ದಶಕದಲ್ಲಿ ಕೋಥ್ರೂಡಿನಲ್ಲಿ ಕಟ್ಟಿಸಿದ ಮನೆ ನಮ್ಮದು. ಕರಿಕಲ್ಲಿನ ತಳಪಾಯ, ಅದರ ಮೇಲೆ ಇಟ್ಟಿಗೆಯ ಗೋಡೆ, ಪಿಲ್ಲರ್‌ಗಳಿಲ್ಲ. ಪೂರ್ವದ ಖಾಲಿ ಜಾಗದಲ್ಲಿ ಮನೆಗೆ ತಾಗಿದಂತೆ ಒಂದು ಕೋಣೆಯನ್ನೂ, ಅದರ ಕೆಳಗೆ ಸಾಮಾನು, ಪುಸ್ತಕ ಇಡಲು ಹತ್ತು ಅಡಿ ಎತ್ತರದ ನೆಲಮಾಳಿಗೆಯನ್ನೂ ಮಾಡಿಸಬೇಕೆಂದಿದ್ದೇವೆ. ಇಲ್ಲಿಯ ಮುರುಮು ಕಲ್ಲಿನಷ್ಟೇ ಗಟ್ಟಿ, ಗೋಡೆಗೆ ಒತ್ತಿಕೊಂಡೇ ನೇರವಾಗಿ ಅಗೆಯಬಹುದು ಎಂದು ಗುತ್ತಿಗೆದಾರರು ಹೇಳುತ್ತಾರೆ. ಒಪ್ಪಬಹುದೇ?
— ಓದುಗರು, ಪುಣೆ

ಉತ್ತರ: ದಯವಿಟ್ಟು ಒಪ್ಪಬೇಡಿ. ಒಣಗಿದ ಮುರುಮು ಬೇಸಿಗೆಯಲ್ಲಿ ನೇರವಾಗಿ ನಿಲ್ಲುತ್ತದೆ ಎಂಬುದು ನಿಜ. ಆದರೆ ಮುರುಮು ಎಂದರೆ ಕರಿಕಲ್ಲು ಶಿಥಿಲಗೊಂಡು ಆದ ಪದರ; ಅದರ ತುಂಬ ಸೀಳುಗಳಿರುತ್ತವೆ. ಒಂದು ರಾತ್ರಿಯ ಮಳೆ ಆ ಸೀಳುಗಳಿಗೆ ಇಳಿದರೆ ಅದು ಹೆಂಟೆಹೆಂಟೆಯಾಗಿ ಜಾರುತ್ತದೆ. ತಳಪಾಯ ಹೊತ್ತ ಭಾರವು ನೇರವಾಗಿ ಕೆಳಗಷ್ಟೇ ಹೋಗದೆ ಅಕ್ಕಪಕ್ಕಕ್ಕೂ ಹರಡುತ್ತದೆ. ಪಕ್ಕದ ಮಣ್ಣು ಬಿಗಿಯಾಗಿ ಒತ್ತಿ ಹಿಡಿದಿರುವುದರಿಂದಲೇ ಅಡಿಯ ಮಣ್ಣು ಹೊರಕ್ಕೆ ನುಗ್ಗದೆ ಉಳಿದಿದೆ. ಪಿಲ್ಲರ್ ಇಲ್ಲದ ನಿಮ್ಮ ಮನೆಯಲ್ಲಿ ಇಡೀ ಭಾರ ಗೋಡೆಯ ಮೇಲೆಯೇ ಇದೆ, ಮತ್ತು ಕಲ್ಲು-ಇಟ್ಟಿಗೆಯ ಗೋಡೆ ಒಂದು ಕಡೆ ಸ್ವಲ್ಪ ಕುಸಿದರೂ ಅದನ್ನು ತಡೆದುಕೊಳ್ಳದೆ ಬಿರುಕು ಬಿಡುತ್ತದೆ.

ಮೊದಲು ತಳಪಾಯವನ್ನು ಕಣ್ಣಾರೆ ನೋಡಿ. ಗೋಡೆಯ ಪಕ್ಕದಲ್ಲಿ ಒಂದು ಮೀಟರ್ ಅಗಲದ ಗುಂಡಿಯನ್ನು ಗುದ್ದಲಿಯಿಂದ, ತಳಪಾಯದ ಕೆಳಗಲ್ಲು ಕಾಣುವವರೆಗೆ ಮಾತ್ರ ತೋಡಿಸಿ. ಅದಕ್ಕಿಂತ ಒಂದು ಅಂಗುಲವೂ ಕೆಳಗೆ ಇಳಿಯಬಾರದು. ಕೊನೆಯ ಕಲ್ಲು ಕೂತಿರುವುದು ಮುರುಮಿನ ಮೇಲೋ, ಎರೆಮಣ್ಣಿನ ಮೇಲೋ? ಕಲ್ಲುಗಳ ಸಂದಿನ ಗಾರೆ ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆಯೇ? ತಳಪಾಯ ಗೋಡೆಯಿಂದ ಎಷ್ಟು ಹೊರಚಾಚಿದೆ? ಇವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಸ್ವತಃ ನಿಂತು ಅಳೆಯಬೇಕು. ನಂತರ ಗುಂಡಿಯನ್ನು ಪದರಪದರವಾಗಿ ದಮ್ಮಸ್ಸು ಮಾಡಿ ಅಂದೇ ಮುಚ್ಚಿಸಿ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಎರೆಮಣ್ಣು ಕಂಡುಬಂದರೆ ಮುಂದಿನ ಲೆಕ್ಕವೇ ಬದಲಾಗುತ್ತದೆ.

ತಳಪಾಯ 1.2 ಮೀಟರ್ ಆಳಕ್ಕಿದೆ ಎಂದಿಟ್ಟುಕೊಳ್ಳೋಣ. ಹತ್ತು ಅಡಿ ಎತ್ತರದ ನೆಲಮಾಳಿಗೆ ಪೂರ್ತಿ ನೆಲದೊಳಗೇ ಇರಬೇಕಾದರೆ ಮೇಲಿನ ಸ್ಲ್ಯಾಬ್, ಕೆಳಗಿನ ರಾಫ್ಟ್ (ಇಡೀ ತಳಕ್ಕೆ ಹಾಕುವ ದಪ್ಪ ಕಾಂಕ್ರೀಟ್ ಹಲಗೆ) ಮತ್ತು ಅದರಡಿಯ ಕಾಂಕ್ರೀಟ್ ಹಾಸು ಸೇರಿ ಸುಮಾರು 3.7 ಮೀಟರ್ ಅಗೆಯಬೇಕು. ಹಳೆಯ ತಳಪಾಯಕ್ಕಿಂತ ಅದು 2.5 ಮೀಟರ್ ಕೆಳಗೆ. ಗಟ್ಟಿ ಮುರುಮಿನಲ್ಲಿ ಹಳೆಯ ತಳಪಾಯಕ್ಕಿಂತ ಎಷ್ಟು ಕೆಳಗೆ ಇಳಿಯುತ್ತೇವೆಯೋ ಅದರಿಂದ ಕನಿಷ್ಠ ಅಷ್ಟೇ ದೂರ ಸರಿಯಬೇಕು ಎಂಬುದು ರೂಢಿಯ ಲೆಕ್ಕ. ಮರಳು ಮಿಶ್ರಿತ ಸಡಿಲ ಮಣ್ಣಾದರೆ ತಳಪಾಯಗಳ ಕುರಿತ ಭಾರತೀಯ ಮಾನಕವಾದ ಐಎಸ್ 1904 ಸಂಹಿತೆಯ ಪ್ರಕಾರ ಅದರ ಎರಡರಷ್ಟು, ಅಂದರೆ 5 ಮೀಟರ್.

ನನ್ನ ಸಲಹೆ ಬೇರೆಯೇ ಇದೆ: ಆಳವನ್ನೇ ಕಡಿಮೆ ಮಾಡಿ. ನೆಲಮಾಳಿಗೆಯ ಎತ್ತರ ಕನಿಷ್ಠ 2.4 ಮೀಟರ್ ಇರಬೇಕು, ಅದರ ಚಾವಣಿ ಸುತ್ತಲಿನ ನೆಲಕ್ಕಿಂತ 0.9ರಿಂದ 1.2 ಮೀಟರ್ ಮೇಲಿರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹೇಳುತ್ತದೆ. ಚಾವಣಿಯನ್ನು ಒಂದು ಮೀಟರ್ ಮೇಲೆತ್ತಿದರೆ ನೆಲ 1.4 ಮೀಟರ್ ಕೆಳಗೆ ಬರುತ್ತದೆ, ಅಗೆತ ಎರಡು ಮೀಟರಿಗೆ ಮುಗಿಯುತ್ತದೆ. ಹಳೆಯ ತಳಪಾಯಕ್ಕೂ ಹೊಸ ಅಗೆತಕ್ಕೂ ಆಳದ ಅಂತರ ಕೇವಲ 80 ಸೆಂಟಿಮೀಟರ್. ಮೇಲಿನ ಕೋಣೆಗೆ ಕೆಲವು ಮೆಟ್ಟಿಲು ಹೆಚ್ಚಾಗುತ್ತವೆ, ಆದರೆ ನೆಲಮಾಳಿಗೆಗೆ ಕಿಟಕಿ ಸಿಗುತ್ತದೆ, ಮತ್ತು ಪುಸ್ತಕ ಇಡುವವರಿಗೆ ಗಾಳಿಯಾಡುವ ಕಿಟಕಿ ಅತ್ಯಗತ್ಯ. ಜೊತೆಗೆ ನೆಲಮಾಳಿಗೆಯನ್ನು ಹಳೆಯ ಗೋಡೆಯಿಂದ ಒಂದೂವರೆ ಮೀಟರ್ ಆಚೆಗೆ ಸರಿಸಿ. ಮೇಲಿನ ಕೋಣೆ ಮನೆಗೆ ತಾಗಿಕೊಂಡೇ ಇರಲಿ. ನಡುವಿನ ಪಟ್ಟಿಯಲ್ಲಿ ಮಣ್ಣು ಅಲುಗದೆ ಹಾಗೆಯೇ ಉಳಿಯಲಿ.

ಜಾಗವಿಲ್ಲ, ಒತ್ತಿಕೊಂಡೇ ಕಟ್ಟಬೇಕು ಎಂದಾದರೆ ಹಳೆಯ ತಳಪಾಯವನ್ನು ಮೊದಲು ಕೆಳಕ್ಕೆ ಇಳಿಸಬೇಕಾಗುತ್ತದೆ. ಇದಕ್ಕೆ ಅಂಡರ್‌ಪಿನ್ನಿಂಗ್ ಎನ್ನುತ್ತಾರೆ. ಗೋಡೆಯ ಉದ್ದವನ್ನು ಸುಮಾರು ಒಂದೊಂದು ಮೀಟರಿನ ತುಂಡುಗಳಾಗಿ ಗುರುತಿಸಿ, ಪಕ್ಕಪಕ್ಕದ ಎರಡು ತುಂಡುಗಳು ಒಂದೇ ಕಾಲಕ್ಕೆ ತೆರೆಯದಂತೆ ಒಂದೊಂದನ್ನೇ ತೋಡಿ, ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ ಹಳೆಯ ಕಲ್ಲಿಗೂ ಅದಕ್ಕೂ ನಡುವೆ ಬಿಟ್ಟ ಎರಡು-ಮೂರು ಅಂಗುಲದ ಸಂದಿಗೆ ಅರೆಒಣ ಸಿಮೆಂಟ್ ಗಾರೆಯನ್ನು ಬಡಿದು ಬಡಿದು ತುಂಬಬೇಕು. ಈ ಕೊನೆಯ ಕೆಲಸದಲ್ಲಿ ಗವಂಡಿ ಅವಸರ ಮಾಡಿದರೆ ಗೋಡೆ ಆ ಸಂದಿಯಷ್ಟೂ ಕೆಳಗಿಳಿಯಬಹುದು. ಕೆಳಗೆ ಕರಿಬಂಡೆ ಸಿಕ್ಕರೆ ಸಿಡಿಮದ್ದಿನ ಮಾತೇ ಬೇಡ. ಸಾಲಾಗಿ ರಂಧ್ರ ಕೊರೆದು, ಉಬ್ಬಿ ಬಂಡೆ ಸೀಳುವ ರಾಸಾಯನಿಕ ಪುಡಿಯನ್ನು ತುಂಬಿಸಿ ಒಡೆಸಿ.

ಇನ್ನು ನೀರು. ಪುಣೆಯಲ್ಲಿ ನೆಲಮಾಳಿಗೆಗಳನ್ನು ಹೆಚ್ಚಾಗಿ ಕೆಡಿಸುವುದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಬಂಡೆಯಲ್ಲಿ ತೋಡಿದ ಹಳ್ಳವೊಂದು ತೊಟ್ಟಿಯೇ ಸರಿ: ಸುತ್ತ ತುಂಬಿದ ಸಡಿಲ ಮಣ್ಣಿಗೆ ಇಳಿದ ಮಳೆನೀರು ಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಒಂದು ಮೀಟರ್ ನಿಂತ ನೀರು ಪ್ರತಿ ಚದರ ಮೀಟರಿಗೆ ಒಂದು ಟನ್ ಬಲದಿಂದ ತಳವನ್ನು ಮೇಲಕ್ಕೆ ಒತ್ತುತ್ತದೆ. ಎರಡು ಮೀಟರ್ ನಿಂತರೆ ಎರಡು ಟನ್; 35 ಸೆಂಟಿಮೀಟರ್ ದಪ್ಪದ ರಾಫ್ಟಿನ ತೂಕವಾದರೋ ಚದರ ಮೀಟರಿಗೆ ಒಂಬತ್ತು ನೂರು ಕಿಲೋಗ್ರಾಂ ಕೂಡ ಮುಟ್ಟುವುದಿಲ್ಲ. ಗೋಡೆ ಮತ್ತು ಮೇಲಿನ ಕೋಣೆಯ ಭಾರ ಬೀಳುವ ಮೊದಲೇ ಮಳೆಗಾಲ ಬಂದರೆ ಖಾಲಿ ನೆಲಮಾಳಿಗೆ ತೇಲಬಹುದು. ಆದ್ದರಿಂದ ದೀಪಾವಳಿ ಮುಗಿದ ಕೂಡಲೇ ಅಗೆತ ಶುರುವಾಗಿ, ಜೂನ್‌ಗೆ ಮುನ್ನ ಮೇಲಿನ ಕೋಣೆಯ ಗೋಡೆ ಏಳಬೇಕು.

ನೀರುತಡೆಗೆ ಇಲ್ಲಿಯವರು ನಂಬಿಕೊಂಡು ಬಂದಿರುವ ಬಾಕ್ಸ್ ಪದ್ಧತಿ ಒಳ್ಳೆಯದು: ನಮ್ಮ ಕಲಬುರಗಿ ಜಿಲ್ಲೆಯಿಂದಲೇ ಬರುವ ಶಹಾಬಾದ್ ಫರ್ಶಿಯನ್ನು (ಚಪ್ಪಡಿ ಕಲ್ಲನ್ನು) ರಾಫ್ಟಿನ ಕೆಳಗೂ ಗೋಡೆಗಳ ಹೊರಗೂ ಪೆಟ್ಟಿಗೆಯಂತೆ ಜೋಡಿಸಿ ಸಂದುಗಳಿಗೆ ಸಿಮೆಂಟ್ ಹಾಲು ತುಂಬುತ್ತಾರೆ. ಅದಕ್ಕೆ ಗೋಡೆಯ ಹೊರಗೆ ಆಳು ನಿಂತು ಕೆಲಸ ಮಾಡುವಷ್ಟು, ಸುಮಾರು ಎರಡು ಅಡಿ ಜಾಗ ಬೇಕು. ಹಳೆಯ ಮನೆಗೆ ಒತ್ತಿಕೊಂಡು ಕಟ್ಟಿದರೆ ಆ ಒಂದು ಬದಿಯಲ್ಲಿ ಫರ್ಶಿ ಕೂರಿಸಲು ಆಗುವುದೇ ಇಲ್ಲ, ಮುಂದೆ ಸೋರುವುದೂ ಆ ಬದಿಯೇ.

ಹಳೆಯದನ್ನೂ ಹೊಸದನ್ನೂ ಸರಳು ಹಾಕಿ ಬೆಸೆಯಬೇಡಿ. ಹಳೆಯ ಮನೆ ಕೂರಬೇಕಾದಷ್ಟು ಕೂತಾಗಿದೆ, ಹೊಸದು ಇನ್ನು ಮೇಲೆ ಕೂರಬೇಕು. ನಡುವೆ ತಳದಿಂದ ಚಾವಣಿಯವರೆಗೆ ಸಂದು ಬಿಟ್ಟು, ನೀರು ಇಳಿಯದಂತೆ ಮುಚ್ಚಿಸಿ. ಮಹಾನಗರಪಾಲಿಕೆಯ ಅನುಮತಿ ಬೇಕೇ ಬೇಕು, ಎಲ್ಲೆಯಿಂದ ಬಿಡಬೇಕಾದ ಅಂತರವೂ ಆ ನಕ್ಷೆಯಲ್ಲೇ ತೀರ್ಮಾನವಾಗುತ್ತದೆ.

ಅಗೆತ ಶುರುವಾಗುವ ಮುನ್ನ ಮನೆಯ ಈಗಿನ ಬಿರುಕುಗಳನ್ನೆಲ್ಲ ದಿನಾಂಕ ಸಹಿತ ಫೋಟೋ ತೆಗೆದಿಡಿ. ಮುಖ್ಯವಾದವುಗಳಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಜಿಪ್ಸಮ್‌ನಿಂದ ಅಂಟಿಸಿ, ದಿನಾ ಬೆಳಿಗ್ಗೆ ನೋಡಿ. ಗಾಜು ಸೀಳಿದ ದಿನ ಕೆಲಸ ಮುಂದುವರಿಸಬೇಡಿ. ತೋಡಿದ ಮಣ್ಣನ್ನೇ ಗೋಡೆಯ ಬುಡಕ್ಕೆ ಮರಳಿ ತುಂಬಿಸಿ, ಆಮೇಲೆ ಎಂಜಿನಿಯರನ್ನು ಕರೆಸಿ.